ನೆರೆಯ ಬಾಗಿಲು: ಹನ್ನೆರಡು ಗಂಟೆಗೆ ತೆರೆಯುವ ಅಂಗಡಿ

ಈ ಅಂಕಣಕ್ಕಾಗಿ ನಾವಿಬ್ಬರು ಇದುವರೆಗೆ ಹಿಟ್ಟಿನ ಗಿರಣಿಗೆ ಹೋಗಿದ್ದೇವೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದೇವೆ, ಹಾಲಿನ ಡೇರಿಗೆ ನಸುಕಿನಲ್ಲೇ ಹೋಗಿ ಚಳಿಯಲ್ಲಿ ನಡುಗಿದ್ದೇವೆ. ಈ ಸಲ ವೈನ್ ಶಾಪಿಗೆ ಹೋಗುತ್ತೇವೆ ಎಂದಾಗ ಮಾತ್ರ ಮನೆಯವರು ನಕ್ಕರು. ಫಾದರ್ ನಗಲಿಲ್ಲ. "ಹೋಗಿ ಬನ್ನಿ, ಆದರೆ ಹಗಲಲ್ಲೇ ಹೋಗಿ" ಎಂದರು.

ಹೋಗಲು ಕಾರಣವಿತ್ತು. ತಪಸ್ಸು ಕಾಲದ ಒಂದು ಸಂಜೆ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಜಪಮಾಲೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಒಬ್ಬ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದರು. ಅವರು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವವರು. ಅವರ ಯಜಮಾನರು ತಿಂಗಳಿಗೊಮ್ಮೆ "ವೈನ್ ಶಾಪಿನ ಸಾಲ" ಎಂದು ಹೇಳಿ ಒಂದೂವರೆ ಸಾವಿರವೋ ಎರಡು ಸಾವಿರವೋ ತೆಗೆದುಕೊಂಡು ಹೋಗುತ್ತಾರಂತೆ. ಕೊಡದಿದ್ದರೆ ಅಂಗಡಿಯವರು ಮನೆ ಬಾಗಿಲಿಗೆ ಬಂದು ಮಾನ ಕಳೆಯುತ್ತಾರೆಂಬ ಹೆದರಿಕೆ ಬೇರೆ. "ಒಟ್ಟು ಬಾಕಿ ಎಷ್ಟಿದೆ ಎಂದು ಕೇಳಿಕೊಂಡು ಬರುತ್ತೀರಾ? ಒಡವೆ ಇಟ್ಟಾದರೂ ಒಂದೇ ಸಲಕ್ಕೆ ತೀರಿಸಿಬಿಡುತ್ತೇನೆ" ಎಂದರು. (ಇದನ್ನು ಬರೆಯಲು ಆ ತಾಯಿಯೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇವೆ. ಯಾರಿರಬಹುದೆಂದು ಊಹಿಸುವ ಶ್ರಮ ದಯವಿಟ್ಟು ಬೇಡ.)

ನಮ್ಮ ಹೊಸೂರಿನಲ್ಲಿ ವೈನ್ ಶಾಪ್ ಎನ್ನುವುದು ಬಾಯಿಮಾತಿನ ಹೆಸರು. ಬೋರ್ಡಿನ ಮೇಲಿರುವುದು ಟಾಸ್ಮಾಕ್, ಅಂದರೆ ತಮಿಳುನಾಡು ರಾಜ್ಯ ಮಾರಾಟ ನಿಗಮ, ಮತ್ತು ಒಂದು ಅಂಗಡಿ ಸಂಖ್ಯೆ. 1983ರಲ್ಲಿ ಸಗಟು ವ್ಯಾಪಾರಕ್ಕೆಂದು ಹುಟ್ಟಿದ ಈ ನಿಗಮ 2003ರ ನವೆಂಬರ್ 29ರಿಂದ ಚಿಲ್ಲರೆ ಅಂಗಡಿಗಳನ್ನೂ ತಾನೇ ನಡೆಸುತ್ತಿದೆ. ಹಾಗಾಗಿ ಅಂಗಡಿಯ ಯಜಮಾನ ಯಾರು ಎಂದರೆ ಸರ್ಕಾರ. ಆರು ಮೈಲಿ ಆಚೆ ಅತ್ತಿಬೆಲೆಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಅಂಗಡಿಗಳು ಹೆಚ್ಚಾಗಿ ಪರವಾನಗಿ ಪಡೆದ ಖಾಸಗಿಯವರದು, ಬಾಗಿಲು ತೆರೆಯುವುದೂ ಬೆಳಿಗ್ಗೆಯೇ. ಇಲ್ಲಿ ಮಧ್ಯಾಹ್ನ 12ಕ್ಕೆ ತೆರೆದು ರಾತ್ರಿ 10ಕ್ಕೆ ಮುಚ್ಚಬೇಕು. ಮೊದಲು ಬೆಳಿಗ್ಗೆ 10ಕ್ಕೇ ತೆರೆಯುತ್ತಿತ್ತು. 2016ರಲ್ಲಿ ಎರಡು ಗಂಟೆ ಕಡಿತ ಮಾಡಿದರು.

ನಾವು ಹೋದಾಗ ಹನ್ನೊಂದು ಮುಕ್ಕಾಲು. ಬೀಗ ಹಾಕಿದ ಕಬ್ಬಿಣದ ಜಾಲರಿಯ ಮುಂದೆ ಆಗಲೇ ಹದಿನೈದು ಇಪ್ಪತ್ತು ಜನ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಇರುವ ಜಗಳ, ಹರಟೆ, ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದು, ಯಾವುದೂ ಇಲ್ಲಿ ಇಲ್ಲ. ಹನ್ನೆರಡಕ್ಕೆ ಕಿಟಕಿ ತೆರೆಯಿತು. ಜಾಲರಿಯ ಸಂದಿಯಿಂದ ಕೈ ಒಳಗೆ ಹೋಗುತ್ತದೆ, ಬಾಟಲಿ ಹಿಡಿದು ಹೊರಗೆ ಬರುತ್ತದೆ. ನಮ್ಮ ಸರದಿ ಬಂದಾಗ ಒಳಗಿದ್ದ ಸೇಲ್ಸ್‌ಮನ್ ತಲೆ ಎತ್ತಿ ನೋಡಿ, "ಅಣ್ಣಾ, ನೀವಾ?" ಎಂದ.

ನಮ್ಮ ಧರ್ಮಕೇಂದ್ರದವನೇ! ಭಾನುವಾರ ಮೊದಲನೇ ಪೂಜೆಗೆ ಬಂದು ಸಂತ ಅಂತೋನಿಯವರ ಪ್ರತಿಮೆಯ ಪಕ್ಕ ಕೊನೆಯ ಬೆಂಚಿನಲ್ಲಿ ಕೂರುವ ಹುಡುಗ. ಯಾವುದೋ ಕಂಪನಿಯಲ್ಲಿ ಕೆಲಸ ಎಂದು ನಾವು ತಿಳಿದಿದ್ದೆವು. ಯಾರಿಗೆ ಹೆಚ್ಚು ನಾಚಿಕೆಯಾಯಿತೋ ಹೇಳಲಾರೆವು, ಅವನಿಗೋ ನಮಗೋ. "ಮೂರು ಗಂಟೆಗೆ ಬನ್ನಿ, ಆಗ ಬಿಡುವಿರುತ್ತದೆ" ಎಂದು ಹೇಳಿ ಹಿಂದಿನವರ ಕೈಗೆ ಬಾಟಲಿ ಕೊಟ್ಟ.

ಮೂರಕ್ಕೆ ಹೋದೆವು. ಸೂಪರ್‌ವೈಸರ್ ಮೊದಲು ಅನುಮಾನದಿಂದ ನೋಡಿದರು. ಚರ್ಚಿನ ಪತ್ರಿಕೆ ಎಂದಾಗ ಮುಖ ಸಡಿಲವಾಯಿತು. ಹೊರಗಿನ ಕಟ್ಟೆಯ ಮೇಲೆ ಕೂತೇ ಎಲ್ಲವನ್ನೂ ಹೇಳಿದರು. ಸರಕು ಬರುವುದು ನಿಗಮದ ಡಿಪೋದಿಂದ, ಬೇಡಿಕೆ ಪಟ್ಟಿ ಕಳಿಸಿದಂತೆ. ಪೆಟ್ಟಿಗೆ ಎಣಿಸಿ ಇಳಿಸಿಕೊಂಡರೆ ಅಲ್ಲಿಂದ ಮುಂದೆ ಒಡೆದ ಬಾಟಲಿಗೂ ಲೆಕ್ಕ ಹೇಳಬೇಕು. ಸೂಪರ್‌ವೈಸರ್, ಸೇಲ್ಸ್‌ಮನ್, ಸಹಾಯಕ ಸೇಲ್ಸ್‌ಮನ್, ಇಷ್ಟೇ ಸಿಬ್ಬಂದಿ. 2003ರಲ್ಲಿ ಸೇರಿದಾಗಲೂ ಒಟ್ಟು ಸಂಬಳ, ತಲೆ ನರೆತ ಮೇಲೂ ಒಟ್ಟು ಸಂಬಳ. ಪಕ್ಕದ ಶೆಡ್ಡಿನಲ್ಲಿರುವ ಬಾರು ಇವರದಲ್ಲ. ಅದನ್ನು ಟೆಂಡರಿನಲ್ಲಿ ಹಿಡಿದವರು ನಡೆಸುತ್ತಾರೆ. ಅವರು ಮಾರಬೇಕಾದದ್ದು ನೀರು, ಲೋಟ, ಕಡಲೆ, ಬೇಯಿಸಿದ ಮೊಟ್ಟೆ. ಖಾಲಿ ಬಾಟಲಿಯೂ ಅವರಿಗೆ. ನೀಲಗಿರಿಯಲ್ಲಿ ಮಾತ್ರ 2022ರ ಮೇ ತಿಂಗಳಿಂದ ಖಾಲಿ ಬಾಟಲಿ ಹಿಂದಿರುಗಿಸಿದರೆ ಹತ್ತು ರೂಪಾಯಿ ವಾಪಸು ಕೊಡುವ ಪದ್ಧತಿ ಶುರುವಾಯಿತು. ಒಡೆದ ಗಾಜು ಕಾಡಿನಲ್ಲಿ ಆನೆಗಳ ಕಾಲಿಗೆ ಚುಚ್ಚುತ್ತದೆಂದು ಮದ್ರಾಸ್ ಹೈಕೋರ್ಟು ಮುತುವರ್ಜಿ ವಹಿಸಿದ್ದರ ಫಲ ಅದು. ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿತು.

ನಾವು ಕಪಾಟುಗಳನ್ನು ನೋಡಿದೆವು. ವೈನ್ ಶಾಪಿನಲ್ಲಿ ವೈನ್ ಎಲ್ಲಿ ಎಂದರೆ ಮೂಲೆಯಲ್ಲಿ ಧೂಳು ಹಿಡಿದ ನಾಲ್ಕು ಬಾಟಲಿ. ಉಳಿದದ್ದೆಲ್ಲ ಬ್ರಾಂಡಿ, ರಮ್, ಬಿಯರ್. ದ್ರಾಕ್ಷಿಯಿಂದ ಆಗಬೇಕಾದ ಬ್ರಾಂಡಿಯೂ ಇಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯ ಮದ್ಯಸಾರಕ್ಕೆ ಬಣ್ಣ, ವಾಸನೆ ಸೇರಿಸಿದ್ದು. ಪೂಜೆಯಲ್ಲಿ ಬಳಸುವ ದ್ರಾಕ್ಷಾರಸ ಅಪ್ಪಟ ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ಇದೆ. ಅದಕ್ಕೂ ಈ ಕಿಟಕಿಗೂ ಯಾವ ನೆಂಟಸ್ತನವೂ ಇಲ್ಲ. ಕಾನಾ ಊರಿನ ಮದುವೆಯನ್ನು ನೆನಪಿಸಿ ಕುಡಿಯುವವರು ನಮ್ಮಲ್ಲಿ ಇದ್ದಾರೆ, ಅವರಿಗಾಗಿ ಈ ಮಾತು.

ಇನ್ನೊಂದು ಲೆಕ್ಕವನ್ನು ನಾವು ಅಲ್ಲೇ ಲೇಬಲ್ ಓದಿ ಮಾಡಿದೆವು. ಹೆಚ್ಚು ಮಾರಾಟವಾಗುವುದು 180 ಮಿಲಿಲೀಟರಿನ ಕ್ವಾರ್ಟರ್. ಅದರಲ್ಲಿ ಮದ್ಯಸಾರ ನೂರಕ್ಕೆ 42.8 ಪಾಲು, ಅಂದರೆ 77 ಮಿಲಿ. ಶೇಕಡಾ 5ರ ಬಿಯರ್ 650 ಮಿಲಿಯ ದೊಡ್ಡ ಬಾಟಲಿಯಲ್ಲಿ 32 ಮಿಲಿ ಮಾತ್ರ. ಅಂಗೈಯಲ್ಲಿ ಮುಚ್ಚಿಡಬಹುದಾದ ಆ ಚಿಕ್ಕ ಬಾಟಲಿ ಎರಡು ದೊಡ್ಡ ಬಿಯರಿಗಿಂತ ಹೆಚ್ಚು. ಅದಕ್ಕೂ ಹಣ ಸಾಲದಿದ್ದರೆ ಗುರುತೇ ಇಲ್ಲದ ಇಬ್ಬರು ಸೇರಿ ಒಂದು ಕ್ವಾರ್ಟರ್ ಕೊಂಡು ಹಂಚಿಕೊಳ್ಳುತ್ತಾರೆ. ಇದಕ್ಕೆ ಕಟಿಂಗ್ ಎಂದು ಹೆಸರು. ಸಾಲಿನಲ್ಲಿ ಮುಖ ನೋಡದವರು ಶೆಡ್ಡಿನಲ್ಲಿ ಒಂದೇ ಬಾಟಲಿಗೆ ಪಾಲುದಾರರು.

ನಿಯಮಗಳನ್ನೂ ಕೇಳಿದೆವು. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ನಗರದಲ್ಲಿ ದೇವಾಲಯ, ಶಾಲೆಗಳಿಂದ 50 ಮೀಟರ್, ಹಳ್ಳಿಗಳಲ್ಲಿ 100 ಮೀಟರ್ ದೂರವಿರಬೇಕು. ಧರ್ಮೋಪದೇಶಕ್ಕೆ ಬರುವ ನಮ್ಮ ಮಕ್ಕಳು ದಾಟಿ ಬರುವ ಅಂಗಡಿ ಇದು, ಆದರೆ ಚರ್ಚಿನ ಗೇಟಿನಿಂದ ದೂರ ನಿಯಮಕ್ಕಿಂತ ಬಹಳ ಹೆಚ್ಚೇ ಇದೆ. ಅರ್ಜಿ ಬರೆಯಬೇಕೆಂದಿದ್ದವರು ಗಮನಿಸಿ. ಗಾಂಧಿ ಜಯಂತಿ, ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವ, ಮೇ ದಿನ, ತಿರುವಳ್ಳುವರ್ ದಿನ ಹೀಗೆ ಕೆಲವು ದಿನ ರಜೆ. ಶುಭ ಶುಕ್ರವಾರ ಆ ಪಟ್ಟಿಯಲ್ಲಿಲ್ಲ.

ಕೊನೆಗೆ ಬಂದ ಕೆಲಸ ಕೇಳಿದೆವು. ಇಂಥವರ ಹೆಸರಿನಲ್ಲಿ ಸಾಲ ಎಷ್ಟಿದೆ?

ಸೂಪರ್‌ವೈಸರ್ ನಕ್ಕುಬಿಟ್ಟರು. "ಸಾಲವೇ? ರಾತ್ರಿ ಬಾಗಿಲು ಹಾಕುವಾಗ ಸ್ಟಾಕು, ಹಣ ತಾಳೆ ಬೀಳಬೇಕು. ಕಡಿಮೆ ಬಿದ್ದರೆ ನಮ್ಮ ಕೈಯಿಂದ ಕಟ್ಟಬೇಕು. ಸ್ವಂತ ತಮ್ಮನಿಗೂ ನಾನು ಸಾಲ ಕೊಡಲಾರೆ. ಸರ್ಕಾರದ ಅಂಗಡಿಯಲ್ಲಿ ಸಾಲದ ಪುಸ್ತಕ ಎಲ್ಲಿಂದ ಬರಬೇಕು?"

ಹಿಂತಿರುಗುವಾಗ ನಾವು ಹೆಚ್ಚು ಮಾತಾಡಲಿಲ್ಲ. ಈ ಊರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದ್ರಾಸಿನ ಪ್ರಧಾನಿಯಾಗಿ 1937ರ ಅಕ್ಟೋಬರ್ 1ರಂದು ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿ. ಆಗ ಹೊಸೂರು ಆ ಜಿಲ್ಲೆಗೇ ಸೇರಿತ್ತು. ಹೋದ ಆದಾಯವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ತಂದರು. 1971ರಲ್ಲಿ ನಿಷೇಧ ತೆಗೆಯಲು ಹೊರಟಾಗ ತೊಂಬತ್ತೆರಡರ ಆ ಮುದುಕರು ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡ ಎಂದು ಕೇಳಿಕೊಂಡರು. ಆಗಲಿಲ್ಲ. ನಡುವೆ ಮತ್ತೆ ನಿಷೇಧ ಬಂತು, ಮತ್ತೆ ಹೋಯಿತು. 2023-24ರಲ್ಲಿ ಮದ್ಯದಿಂದ ರಾಜ್ಯಕ್ಕೆ ಬಂದ ಆದಾಯ 45,855 ಕೋಟಿ ರೂಪಾಯಿ. ಮಾರಾಟ ತೆರಿಗೆಯೂ ಉಳಿಯಿತು, ಮದ್ಯವೂ ಬಂತು ಎಂದು ನಮ್ಮಲ್ಲೊಬ್ಬರು ಗೊಣಗಿದರು.

ಸೇಲ್ಸ್‌ಮನ್ ಹುಡುಗ ನಮ್ಮ ಹಿಂದೆಯೇ ಓಡಿ ಬಂದಿದ್ದ. "ಅಣ್ಣಾ, ಈ ಕೆಲಸ ಮಾಡಿಕೊಂಡು ನಾನು ಪರಮಪ್ರಸಾದ ತೆಗೆದುಕೊಳ್ಳಬಹುದಾ?" ಎಂದ. ಎರಡು ವರ್ಷದಿಂದ ತೆಗೆದುಕೊಂಡಿಲ್ಲವಂತೆ. ನಾವು ಇಷ್ಟು ದಿನ ಅವನ ಮುಂದಿನ ಬೆಂಚಿನಲ್ಲೇ ಕೂತವರು, ಒಮ್ಮೆಯೂ ಗಮನಿಸಿರಲಿಲ್ಲ. ಫಾದರ್‌ಗೆ ಹೇಳಿದೆವು. "ನನ್ನನ್ನು ಬಂದು ಕಾಣಲು ಹೇಳಿ, ಇವತ್ತೇ" ಎಂದರು. ಅವರಿಬ್ಬರೂ ಏನು ಮಾತಾಡಿದರೋ ಅದು ಅವರಿಗೆ ಸೇರಿದ್ದು. ಈಸ್ಟರ್ ಪೂಜೆಯಲ್ಲಿ ಹುಡುಗ ಸಾಲಿನಲ್ಲಿ ನಿಂತಿದ್ದ.

ಆ ತಾಯಿಗೆ ಹೇಳುವುದು ಕಷ್ಟವಾಯಿತು. ಶನಿವಾರ ಸಂಜೆ ಮನೆಗೆ ಹೋಗಿ, ಅಂಗಡಿಯಲ್ಲಿ ಸಾಲ ಇಲ್ಲ, ಯಾವತ್ತೂ ಇರಲಿಲ್ಲ ಎಂದೆವು. ಅವರು ಅಳಲಿಲ್ಲ. ಒಳಗೆ ಹೋಗಿ ಮಗಳ ಧರ್ಮೋಪದೇಶದ ನೋಟ್‌ಬುಕ್ಕು ತಂದರು. ಕೊನೆಯ ಪುಟದಲ್ಲಿ ತಾರೀಕು ಸಮೇತ ಕೊಟ್ಟ ಹಣದ ಲೆಕ್ಕ. ಹನ್ನೊಂದು ತಿಂಗಳು, ಹದಿನೆಂಟೂವರೆ ಸಾವಿರ. "ಹಾಗಾದರೆ ಒಡವೆ ಇಡುವುದು ಬೇಡ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ" ಎಂದರು.

ಹೇಳಿದರು. ಎರಡು ಸಂಜೆ ಮನೆಯಲ್ಲಿ ಗಲಾಟೆಯಾಯಿತಂತೆ, ಪಕ್ಕದ ಮನೆಯವರು ಬರುವಷ್ಟು. ಮೂರನೇ ವಾರ ಯಜಮಾನರೇ ನಮ್ಮ ಬಳಿ ಬಂದರು. "ಅಂಗಡಿಗೆ ಹೋಗಿದ್ದು ನೀವೇನಾ?" ಎಂದು ಕೇಳಿದರು. ಹೌದು ಎಂದೆವು. ಬೈಯುತ್ತಾರೆಂದು ಕಾದೆವು. ಬೈಯಲಿಲ್ಲ. ಪಕ್ಕದ ಊರಿನಲ್ಲಿ ಗುರುವಾರ ಸಂಜೆ ಕುಡಿತ ಬಿಟ್ಟವರ, ಬಿಡಬೇಕೆಂದಿರುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ನಡೆಯುತ್ತದಲ್ಲ, ಅಲ್ಲಿ ಪೂರ್ತಿ ಹೆಸರು, ವಿಳಾಸ ಬರೆದುಕೊಳ್ಳುತ್ತಾರಾ ಎಂದು ಕೇಳಿದರು. ಇಲ್ಲ, ಏನನ್ನೂ ಬರೆದುಕೊಳ್ಳುವುದಿಲ್ಲ, ಹಣವನ್ನೂ ಕೇಳುವುದಿಲ್ಲ ಎಂದೆವು.

ಮೊದಲ ಗುರುವಾರ ಗೇಟಿನವರೆಗೆ ಬಂದು ಹಿಂತಿರುಗಿದರು. ಎರಡನೆಯ ಗುರುವಾರ ಬಸ್ ಸ್ಟ್ಯಾಂಡಿಗೇ ಬರಲಿಲ್ಲ. ಮೂರನೆಯದಕ್ಕೆ ನಾವೂ ಜೊತೆಗೆ ಹೋಗುತ್ತಿದ್ದೇವೆ. ಅವರು ಒಳಗೆ, ನಾವು ಎದುರಿನ ಟೀ ಅಂಗಡಿಯಲ್ಲಿ.

ಮುಂದಿನ ತಿಂಗಳು ಗುಲಾಬಿ ಮಂಡಿಗೆ.