ಎರಡು ಸೈಕಲ್ಲಿಗೆ ಅಷ್ಟು ಕಾಳಜಿ, ನಮ್ಮ ಟ್ರೈಲರಿಗೆ ಯಾಕಿಲ್ಲ?

ಮೊಬೈಲಿನಲ್ಲಿ ಹೊರದೇಶದ ಪ್ರವಾಸದ ವಿಡಿಯೊ ನೋಡುವವರಿಗೆ ಮೋಟಾರ್‌ಹೋಮ್ ಗೊತ್ತಿರುತ್ತದೆ. ವ್ಯಾನು ಅಥವಾ ಬಸ್ಸಿನಂಥ ಗಾಡಿ, ಒಳಗೇ ಅಡುಗೆಮನೆ, ಮಂಚ, ಬಚ್ಚಲು. ಹಿಂದುಗಡೆ ಟ್ರೈಲರ್ ಎಳೆಯುವ ಹುಕ್ಕಿಗೆ ಒಂದು ಕಬ್ಬಿಣದ ಸ್ಟ್ಯಾಂಡ್ ಸಿಕ್ಕಿಸಿ ಎರಡು ಸೈಕಲ್ ನೇತುಹಾಕಿಕೊಂಡು ಊರೂರು ತಿರುಗುತ್ತಾರೆ.

ಆ ಎರಡು ಸೈಕಲ್ಲಿಗೆ ಅವರು ಎಷ್ಟು ಲೆಕ್ಕ ಹಾಕುತ್ತಾರೆ ನೋಡಿ. ಹುಕ್ಕು ತಡೆಯುವ ಭಾರ ಎಷ್ಟು, ಸ್ಟ್ಯಾಂಡ್ ತಡೆಯುವುದು ಎಷ್ಟು, ಹಿಂದಿನ ಆಕ್ಸಲ್ ತಡೆಯುವುದು ಎಷ್ಟು ಎಂದು ಮೂರನ್ನೂ ನೋಡಿ, ಯಾವುದು ಕಡಿಮೆಯೋ ಅದನ್ನೇ ಮಿತಿ ಅಂತ ಇಟ್ಟುಕೊಳ್ಳುತ್ತಾರೆ. ಹಿಂದಿನ ಚಕ್ರದಿಂದ ದೂರ ಹೋದಷ್ಟೂ ಗಾಡಿಯ ಕುಲುಕಾಟ ಜಾಸ್ತಿ. ಅದಕ್ಕೇ ಕಾರಿನ ಸ್ಟ್ಯಾಂಡನ್ನು ಮೋಟಾರ್‌ಹೋಮಿಗೆ ಹಾಕಬೇಡಿ ಎಂದು ಕೆಲವು ಕಂಪನಿಗಳು ಕೈಪಿಡಿಯಲ್ಲೇ ಬರೆಯುತ್ತವೆ. ಪಿನ್ನಿಗೆ ಒಂದು ಕ್ಲಿಪ್, ಅದರ ಮೇಲೆ ಒಂದು ಬೆಲ್ಟ್. ಸೈಕಲ್ಲಿನಿಂದ ನಂಬರ್ ಪ್ಲೇಟು, ಹಿಂದಿನ ಲೈಟು ಮರೆಯಾದರೆ ಯುರೋಪಿನ ಬಹಳ ದೇಶಗಳಲ್ಲಿ ಸ್ಟ್ಯಾಂಡಿನ ಮೇಲೆ ಇನ್ನೊಂದು ಪ್ಲೇಟು, ಇನ್ನೊಂದು ಜೊತೆ ಲೈಟು ಕಟ್ಟಲೇಬೇಕು.

ಸ್ಟ್ಯಾಂಡೂ ಸೇರಿ ಎಲ್ಲಾ ಐವತ್ತು ಕೆಜಿ ಆದೀತು. ಈಗ ನಮ್ಮ ಕಡೆ ಬನ್ನಿ. ಅರಸೀಕೆರೆ ಮಂಡಿಗೆ ಕೊಬ್ಬರಿ, ಹಳೇಬೀಡು ಕಡೆಯಿಂದ ಜೋಳ, ಶುಂಠಿ, ಬೇಲೂರು ಕಡೆಯಿಂದ ಆಲೂಗಡ್ಡೆ ಹೊತ್ತು ಹೋಗುವ ಟ್ರೈಲರಿನ ಭಾರ ಎರಡು ಮೂರು ಟನ್. ಅದನ್ನು ಟ್ರ್ಯಾಕ್ಟರಿಗೆ ಹಿಡಿದಿಟ್ಟಿರುವುದು ಒಂದೇ ಒಂದು ಪಿನ್. ಆ ಪಿನ್ ಮೇಲೆ ಹಾರದಂತೆ ಕೆಳಗೆ ಇರಬೇಕಾದ ಲಾಕ್ ಕಳೆದುಹೋಗಿ, ಅಲ್ಲಿ ಬಗ್ಗಿಸಿದ ಮೊಳೆಯೋ ಕಟ್ಟುವ ತಂತಿಯೋ ಇರುತ್ತದೆ. ಎಷ್ಟೋ ಕಡೆ ಅದೂ ಇರುವುದಿಲ್ಲ.

ಇದನ್ನು ಸಣ್ಣ ವಿಷಯ ಅಂತ ಬಿಡುವುದು ತಪ್ಪು ಎಂಬುದು ನಮ್ಮ ಅಭಿಪ್ರಾಯ. ನಮ್ಮ ಹಿರಿಯರು ಹಾಗೆ ಬಿಟ್ಟವರಲ್ಲ. ಎತ್ತಿನ ಗಾಡಿ ಕಟ್ಟುವ ಮುಂಚೆ ಚಕ್ರದ ಕಡಾಣಿಯನ್ನು ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಹುಲ್ಲು ಹೇರುವಾಗ ಮುಂಭಾರ, ಹಿಂಭಾರ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಎದ್ದು ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕಿತ್ತುಹೋಗುತ್ತದೆ ಅಂತ ಗೊತ್ತಿತ್ತು. ಎತ್ತು ನೋವು ತೋರಿಸುತ್ತಿತ್ತು. ಟ್ರ್ಯಾಕ್ಟರ್ ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಲೆಕ್ಕ ಮಾತ್ರ ಅದೇ. ಎರಡು ಚಕ್ರದ ಟ್ರೈಲರಿನಲ್ಲಿ ಹಿಂಭಾರವಾದರೆ ಹುಕ್ಕು ಮೇಲಕ್ಕೆ ಎತ್ತಿಕೊಂಡು ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಿಡಿತ ತಪ್ಪುತ್ತದೆ, ಟ್ರೈಲರ್ ಅತ್ತಿತ್ತ ಓಲಾಡುತ್ತದೆ. ವಿಪರೀತ ಮುಂಭಾರವಾದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೇರಿಂಗ್ ಕೇಳುವುದಿಲ್ಲ. ಭಾರ ಆಕ್ಸಲ್ ಮೇಲೆ, ಸ್ವಲ್ಪವೇ ಮುಂದಕ್ಕೆ ಇರಬೇಕು.

ಬ್ರೇಕಿನ ಮಾತೂ ಹೇಳಲೇಬೇಕು. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇರುವುದು ಹೊಲದಲ್ಲಿ ಬೇಗ ತಿರುಗಿಸಲಿಕ್ಕೆ. ರಸ್ತೆಗೆ ಬಂದ ಮೇಲೆ ಎರಡನ್ನೂ ಸೇರಿಸುವ ಲಾಕ್ ಹಾಕಬೇಕು. ಹಾಕದೆ ಇಳಿಜಾರಿನಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆ, ಹಿಂದಿನ ಭಾರ ಅದನ್ನು ದೂಡಿಕೊಂಡು ಬಂದು ಅಡ್ಡಕ್ಕೆ ಮಲಗಿಸುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರೂ ಇದನ್ನು ನೆನಪಿಡಬೇಕು.

ಇನ್ನು ರಾತ್ರಿಯ ಮಾತು. ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ ಮೇಲೇ ಹೋಗುತ್ತದೆ. ನಮ್ಮ ತೋಟಕ್ಕೆ ಹೋಗುವ ದಾರಿಯೂ ಅದೇ, ಚಾರ್ಮಾಡಿ ಘಾಟಿ ಹತ್ತಿ ಬರುವ ಕಾರುಗಳ ದಾರಿಯೂ ಅದೇ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮಗೆಲ್ಲ ಹೆಮ್ಮೆ. ಆದರೆ ದೇವಸ್ಥಾನ ನೋಡಲು ದೂರದಿಂದ ಬರುವ ಡ್ರೈವರಿಗೆ ಮುಂದಿನ ತಿರುವಿನಲ್ಲಿ ಲೈಟಿಲ್ಲದ ಟ್ರೈಲರ್ ಇದೆ ಅಂತ ಗೊತ್ತಿರುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಡಿಮ್ ಲೈಟಿನಲ್ಲಿ ಕಾಣುವುದು ಹೆಚ್ಚೆಂದರೆ ನಲವತ್ತು ಐವತ್ತು ಮೀಟರ್. ಅಂದರೆ ಕಪ್ಪಗಿನ ಟ್ರೈಲರನ್ನು ಕಂಡು, ಬ್ರೇಕ್ ಹಾಕಿ, ನಿಲ್ಲಿಸಲು ಅವನಿಗೆ ಸಿಗುವುದು ಎರಡು ಸೆಕೆಂಡು. ಹಿಂದೆ ಒಂದು ಜೊತೆ ಕೆಂಪು ರಿಫ್ಲೆಕ್ಟರ್ ಇದ್ದರೆ ಅದಕ್ಕಿಂತ ಎಷ್ಟೋ ದೂರದಿಂದ ಹೊಳೆಯುತ್ತದೆ.

ನಮ್ಮ ಮಾತಿಗೆ ಎದುರು ಮಾತು ಇದ್ದೇ ಇದೆ. "ನಾವು ಹೋಗೋದು ಐದು ಕಿಲೋಮೀಟರು, ಅದಕ್ಕೆ ಇಷ್ಟೆಲ್ಲ ಯಾಕೆ?" ಅನ್ನುವವರಿದ್ದಾರೆ. ಪಿನ್ ಹಾರುವುದಕ್ಕೆ ಐದು ಕಿಲೋಮೀಟರೇನು, ಒಂದು ಹಳ್ಳ ಸಾಕು. "ಪೊಲೀಸರು ಬರೀ ದಂಡ ಹಾಕ್ತಾರೆ, ರೈತರಿಗೆ ಯಾರೂ ಸಹಾಯ ಮಾಡಲ್ಲ" ಅನ್ನುವ ಮಾತೂ ಇದೆ. ಇದರಲ್ಲಿ ನಿಜವಿದೆ. ದಂಡದ ರಸೀದಿಯಿಂದ ಟ್ರೈಲರಿನ ಹಿಂದೆ ಬೆಳಕು ಬರುವುದಿಲ್ಲ.

ಜನ ಸಾಗಿಸುವ ವಿಷಯ ಇನ್ನೂ ಕಷ್ಟದ್ದು. ಶುಂಠಿ ಕೀಳಲು ಹೋಗುವ ಹೆಣ್ಣುಮಕ್ಕಳು, ಮಾಲೇಕಲ್ ತಿರುಪತಿ ತೇರಿಗೆ ಹೊರಟ ಮನೆಮಂದಿ, ಮದುವೆ ದಿಬ್ಬಣ, ಎಲ್ಲರೂ ಹತ್ತುವುದು ಇದೇ ಟ್ರೈಲರನ್ನು. ಕಾನೂನಿನ ಪ್ರಕಾರ ತಪ್ಪು ಅಂತ ಹೇಳಿ ಮುಗಿಸುವುದು ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಬೆಳಗ್ಗೆ ಆರಕ್ಕೆ ತೋಟದ ದಾರಿಗೆ ಬಸ್ಸೇ ಬಾರದಿದ್ದರೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಬಸ್ಸು ಇಲ್ಲದ ಕಡೆ ಟ್ರೈಲರ್ ಹತ್ತಿದವರನ್ನಷ್ಟೇ ಬೈಯಲು ನಾವು ತಯಾರಿಲ್ಲ.

ಆದರೂ ಒಂದು ಸತ್ಯ ಎಲ್ಲರಿಗೂ ಗೊತ್ತಿರಲಿ. ಸರಕು ಗಾಡಿಯಲ್ಲಿ ಪುಕ್ಕಟೆ ಕೂತು ಹೋದವರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮೆ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಂದರೆ ಹೊಣೆ ಟ್ರ್ಯಾಕ್ಟರ್ ಮಾಲೀಕನ ತಲೆಗೇ ಬರುತ್ತದೆ. ಅವನ ಜಮೀನು ಮಾರಿದರೂ ಸತ್ತವರ ಮನೆಗೆ ನ್ಯಾಯ ಸಿಗುವುದಿಲ್ಲ. ಎರಡು ಮನೆ ಒಟ್ಟಿಗೆ ಹಾಳಾಗುತ್ತವೆ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲೇ ಆಗುವ ಕೆಲಸ ಮೊದಲು. ಸರಿಯಾದ ಅಳತೆಯ ಪಿನ್, ಅದಕ್ಕೆ ಸರಿಯಾದ ಲಾಕ್, ಲಾಕ್ ಕಳೆಯದಂತೆ ಒಂದು ಸಣ್ಣ ಸರಪಳಿ. ಪಿನ್ ಹಾರಿದರೂ ಟ್ರೈಲರ್ ಬಿಟ್ಟುಹೋಗದಂತೆ ಟ್ರ್ಯಾಕ್ಟರಿಗೂ ಟ್ರೈಲರಿಗೂ ಒಂದು ದಪ್ಪ ಸರಪಳಿ. ಎಳೆಯುವ ಭಾರ ಯಾವಾಗಲೂ ಕೆಳಗಿನ ಹುಕ್ಕಿಗೇ ಇರಲಿ. ಮೇಲೆಲ್ಲೋ ಕಟ್ಟಿ ಎಳೆದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಡ್ರೈವರ್ ಮೇಲೇ ಮಗುಚುತ್ತದೆ. ಹಿಂದೆ ಎರಡು ಕೆಂಪು ರಿಫ್ಲೆಕ್ಟರ್, ಪಕ್ಕಕ್ಕೆ ಹೊಳೆಯುವ ಪಟ್ಟಿ. ಹುಲ್ಲು ಹೇರಿದಾಗ ಅವು ಮುಚ್ಚಿಹೋಗುತ್ತವೆ, ಆಗ ಹುಲ್ಲಿನ ಮೇಲೇ ಒಂದು ಜೊತೆ ಕಟ್ಟಬೇಕು. ಸೈಕಲ್ ಹಿಂದೆ ಮರೆಯಾದ ಲೈಟಿಗೆ ಅವರು ಮಾಡುವುದೂ ಇದನ್ನೇ ಅಲ್ಲವೇ? ಇಷ್ಟಕ್ಕೆಲ್ಲ ಬೀಳುವ ಖರ್ಚು ಒಂದು ಟೈರಿನ ಬೆಲೆಗಿಂತ ತುಂಬಾ ಕಡಿಮೆ.

ಊರಿನ ಕೆಲಸ ಆಮೇಲೆ. ಗ್ರಾಮಸಭೆಯಲ್ಲಿ ಈ ಮಾತು ಎತ್ತಬಹುದು. ಹಾಲಿನ ಡೇರಿ, ಸಹಕಾರ ಸಂಘ, ಪಂಚಾಯಿತಿ ಸೇರಿ ಸುಗ್ಗಿಗೆ ಮುಂಚೆ ಒಂದು ದಿನ ಊರಿನ ಎಲ್ಲ ಟ್ರೈಲರಿಗೂ ರಿಫ್ಲೆಕ್ಟರ್ ಹಚ್ಚಿಸಬಹುದು. ಎಪಿಎಂಸಿ ಗೇಟಿನಲ್ಲಿ ತೂಕ ನೋಡುವಾಗ ಪಿನ್ನೂ ನೋಡಿದರೆ ಯಾರಿಗೂ ನಷ್ಟವಿಲ್ಲ. ಆರ್‌ಟಿಒ ಮತ್ತು ಪೊಲೀಸರು ದಂಡದ ಪುಸ್ತಕದ ಜೊತೆ ರಿಫ್ಲೆಕ್ಟರನ್ನೂ ತರಲಿ ಎಂದು ಕೇಳುವ ಹಕ್ಕು ನಮಗಿದೆ. ಕೂಲಿ ಹೊತ್ತಿಗೆ ಬಸ್ಸು ಬಿಡಿ ಎಂದು ಡಿಪೋಗೆ ಊರಿನವರೆಲ್ಲ ಸಹಿ ಹಾಕಿ ಅರ್ಜಿ ಕೊಡುವುದೂ ನಮ್ಮದೇ ಕೆಲಸ.

ಇವೆಲ್ಲ ಆಗುವುದಕ್ಕೆ ದಿನ ಹಿಡಿಯುತ್ತದೆ. ಪಿನ್ ನೋಡುವುದಕ್ಕೆ ಒಂದು ನಿಮಿಷ ಸಾಕು. ಇದನ್ನು ಓದಿದವರ ಮನೆ ಮುಂದೆ ಟ್ರೈಲರ್ ನಿಂತಿದ್ದರೆ, ನಾಳೆ ಗಾಡಿ ಎತ್ತುವ ಮುಂಚೆ ಬಗ್ಗಿ ಕೈಯಲ್ಲಿ ಮುಟ್ಟಿ ನೋಡಿ. ಅಲ್ಲಿ ತಂತಿ ಇದ್ದರೆ ಮೊದಲು ಅಂಗಡಿಗೆ ಹೋಗಿ ಲಾಕ್ ತನ್ನಿ. ಕೊಬ್ಬರಿ ಮಂಡಿಗೆ ಒಂದು ಗಂಟೆ ತಡವಾಗಿ ಹೋದರೂ ನಡೆಯುತ್ತದೆ.