ಅಣೆಕಟ್ಟಿನ ಕೆಳಗಿನ ಕತ್ತಲೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಕಾಳಿ ನದಿಯಲ್ಲಿ ಅದರ ಮೇಲೆ ಕೊಡಸಳ್ಳಿಯ 120 ಮೆಗಾವ್ಯಾಟ್, ಕೆಳಗೆ ಕದ್ರಾದ 150 ಮೆಗಾವ್ಯಾಟ್ ಜಲವಿದ್ಯುತ್ ಸ್ಥಾವರಗಳಿವೆ. ಈ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ಕಾಡನ್ನು ಸೀಳಿಕೊಂಡು ಘಟ್ಟ ಹತ್ತುತ್ತದೆ. ಗೋಪುರಗಳ ಬುಡದಲ್ಲಿರುವ ಊರುಗಳಿಗಾದರೋ ಮರಗಳ ನಡುವೆ ಜೋತು ಬರುವ 11 ಕೆ.ವಿ. ತಂತಿಯೇ ಗತಿ. ಮಳೆಗಾಲದ ಮೊದಲ ಗಾಳಿಗೆ ಎಲ್ಲೋ ಒಂದು ಕೊಂಬೆ ಮುರಿದರೆ ಇಡೀ ಕಣಿವೆ ಕತ್ತಲಾಗುತ್ತದೆ. ಈ ವಿಡಂಬನೆಯನ್ನು ಜಿಲ್ಲೆಯ ಜನ ಹೇಳಿ ಹೇಳಿ ದಣಿದಿದ್ದಾರೆ.

ಆದರೆ ಪ್ರಶ್ನೆ ಬರಿಯ ಬೆಳಕಿನದಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ಹೊರಬಿಟ್ಟ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಗಂಗಾವಳಿ ಅಂಕೋಲಾ ತಾಲ್ಲೂಕಿನ ಊರುಗಳನ್ನು ಮುಳುಗಿಸಿತು. 2021ರ ಜುಲೈಯಲ್ಲಿ ನೆರೆ ಮರುಕಳಿಸಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿಯಿತು. ಗೇಟು ತೆರೆಯುವ ಎಚ್ಚರಿಕೆ ಇಂದು ಬರುವುದು ಮೊಬೈಲಿಗೆ. ಮೂರು ದಿನ ಕರೆಂಟಿಲ್ಲದ ಮನೆಯಲ್ಲಿ ಆ ಮೊಬೈಲು ಸತ್ತಿರುತ್ತದೆ. ಆದುದರಿಂದ ಮನೆಗೊಂದು ಬದಲಿ ವಿದ್ಯುತ್ ಮೂಲವನ್ನು ಆರಿಸುವುದು ಈ ಕಣಿವೆಗಳಲ್ಲಿ ಸುಖದ ವಿಚಾರವಲ್ಲ, ರಕ್ಷಣೆಯ ವಿಚಾರ.

ಸಾಮಾನ್ಯವಾಗಿ ಜನ ಕೊಳ್ಳುವುದು ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ. ಲೆಕ್ಕಕ್ಕೆ ಅದು 1800 ವ್ಯಾಟ್-ಅವರ್. ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಸುಮಾರು ಅರ್ಧ. ಒಣನೆಲದ ಮನೆಗೆ ಅದು ಸರಿಯೇ. ಆದರೆ ಐವತ್ತು ಕಿಲೋಗೂ ಮಿಕ್ಕಿದ ಆ ಆಮ್ಲದ ತೊಟ್ಟಿಯನ್ನು ನಡುರಾತ್ರಿ ನೀರು ಅಂಗಳಕ್ಕೆ ಬಂದಾಗ ಹೊತ್ತುಕೊಂಡು ಕಾಳಜಿ ಕೇಂದ್ರಕ್ಕೆ ಹೋಗುವವರು ಯಾರು? 500 ವ್ಯಾಟ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪೆಟ್ಟಿಗೆ ಆರೇಳು ಕಿಲೋ ತೂಗುತ್ತದೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಮಗು. ಬೆಲೆ ಹೆಚ್ಚು, ನಿಜ. ಆದರೆ ಆಳವಾಗಿ ಬಳಸಿದರೂ ಅದರ ಬಾಳಿಕೆ ಸೀಸದ್ದಕ್ಕಿಂತ ಹಲವು ಪಟ್ಟು.

ಐನೂರು ಸಾಕೇ? ಒಂಬತ್ತು ವ್ಯಾಟ್‌ನ ಮೂರು ಎಲ್‌ಇಡಿ ದೀಪ ಐದು ತಾಸು ಉರಿದರೆ 135. ಎರಡು ಮೊಬೈಲಿಗೆ 30. ಪರಿವರ್ತನೆಯ ನಷ್ಟ ಸೇರಿ ದಿನಕ್ಕೆ ಇನ್ನೂರು ಎನ್ನೋಣ. ಎರಡೂವರೆ ದಿನ ತಳ್ಳಬಹುದು. ಆಷಾಢದ ಮಳೆಯಲ್ಲಿ ಫ್ಯಾನು ಹಾಕಿಕೊಳ್ಳುವವರು ಹೇಗೂ ಕಡಿಮೆ. ಬಾವಿಯ ಪಂಪಿನ ಆಸೆಯನ್ನು ಮಾತ್ರ ಬಿಡಬೇಕು: ಒಂದು ಎಚ್‌ಪಿ ಮೋಟಾರು ಓಡಲು ಸುಮಾರು ಸಾವಿರ ವ್ಯಾಟ್ ಬೇಡುತ್ತದೆ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ರಾಟೆ ಹಗ್ಗವನ್ನು ಯಾರೂ ಎಸೆಯದಿರಲಿ.

ಅಂಗಡಿಯವರು ‘ಒಂದು ಲಕ್ಷ ಎಂಎಎಚ್’ ಎಂದು ಬೆರಗುಗೊಳಿಸುತ್ತಾರೆ. ಅದನ್ನು ಕೋಶದ ವೋಲ್ಟೇಜಿನಿಂದ, ಅಂದರೆ ಈ ಜಾತಿಯಲ್ಲಿ 3.2ರಿಂದ, ಗುಣಿಸಿ ಸಾವಿರದಿಂದ ಭಾಗಿಸಿದರೆ 320 ವ್ಯಾಟ್-ಅವರ್ ಅಷ್ಟೇ. ವ್ಯಾಟ್-ಅವರ್ ಬರೆಯದ ಪೆಟ್ಟಿಗೆಯನ್ನು ಕೊಳ್ಳದಿರುವುದು ಲೇಸು. ಜೊತೆಗೆ ಮಾರುವ ನೂರು ವ್ಯಾಟ್‌ನ ಸೌರಫಲಕ ಬೇಸಿಗೆಯಲ್ಲಿ ದಿನಕ್ಕೆ ನಾನೂರರಷ್ಟು ಕೊಟ್ಟೀತು. ಜಡಿಮಳೆಯಲ್ಲಿ ಅದರ ಐದನೇ ಒಂದು ಭಾಗ ಸಿಕ್ಕರೂ ಹೆಚ್ಚೇ. ಸೂರ್ಯನನ್ನು ನಂಬಬೇಕು, ಆದರೆ ಜೂನ್‌ನಲ್ಲಿ ಅಲ್ಲ. ಕರೆಂಟಿರುವಾಗಲೇ ಪೆಟ್ಟಿಗೆ ತುಂಬಿಸಿಡುವುದು ಆ ತಿಂಗಳುಗಳ ನಿಯಮವಾಗಬೇಕು.

ಪೆಟ್ರೋಲ್ ಜನರೇಟರಿನ ಬಗೆಗೆ ಮೃದುವಾಗಿ ಬರೆಯಲು ಸಾಧ್ಯವಿಲ್ಲ. ಮಳೆಗೆ ಹೆದರಿ ಅದನ್ನು ಜಗಲಿಯ ಒಳಕ್ಕೋ ಕೊಟ್ಟಿಗೆಗೋ ಎಳೆದುಕೊಂಡರೆ ಕಾರ್ಬನ್ ಮೊನಾಕ್ಸೈಡ್ ಮನೆ ತುಂಬುತ್ತದೆ; ವಾಸನೆಯಿಲ್ಲದ ಆ ವಿಷ ನಿದ್ರೆಯಲ್ಲಿಯೇ ಕೊಲ್ಲುತ್ತದೆ. ಇನ್ನೂ ಘೋರವಾದದ್ದು, ಎರಡು ಕಡೆ ಪಿನ್ನುಳ್ಳ ವೈರಿನಿಂದ ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವ ಚಾಳಿ. ಮೇನ್ ಸ್ವಿಚ್ ತೆಗೆಯಲು ಮರೆತರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ ಏರಿ ಹೊರಗಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಸುರಿಮಳೆಯಲ್ಲಿ ಆ ಊರಿಗೆ ಬೆಳಕು ತರಲೆಂದೇ ಕಂಬ ಹತ್ತಿದ ಪವರ್‌ಮ್ಯಾನ್ ಅದಕ್ಕೆ ಬಲಿಯಾಗುತ್ತಾನೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಯಾವ ಮನೆಯಲ್ಲೂ ಜನರೇಟರನ್ನು ಜೋಡಿಸಬಾರದು.

ಪ್ರತಿ ಮನೆಯೂ ಸ್ವಂತ ಪೆಟ್ಟಿಗೆ ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ನದಿದಂಡೆಯ ಪ್ರತಿ ಮಜಿರೆಯ ಅಂಗನವಾಡಿಯಲ್ಲಿ ಗ್ರಾಮ ಪಂಚಾಯತಿ ಒಂದು ದೊಡ್ಡ ಪೆಟ್ಟಿಗೆಯನ್ನಿಟ್ಟರೆ ಇಪ್ಪತ್ತು ಮನೆಯ ಮೊಬೈಲುಗಳು ಜೀವಂತವಿರುತ್ತವೆ. ಕಾಡಿನ ನಡುವಣ ತಂತಿಗಳಿಗೆ ಹೊದಿಕೆಯುಳ್ಳ ಕೇಬಲ್ ಹಾಕಿಸಿಕೊಳ್ಳುವ ಹಕ್ಕೊತ್ತಾಯವನ್ನೂ ಕೈಬಿಡುವಂತಿಲ್ಲ. ಪೆಟ್ಟಿಗೆ ಬಂತೆಂದು ವಿದ್ಯುತ್ ಕಂಪನಿ ನಿರಾಳವಾಗಬಾರದು. ಕೆಟ್ಟ ಬ್ಯಾಟರಿಗಳನ್ನು ಗುಜರಿಗೆ ಕೊಟ್ಟು ಹಳ್ಳದ ಬದಿಯಲ್ಲಿ ಸೀಸ ಕರಗಿಸಲು ಬಿಡುವುದೂ ತಪ್ಪೇ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯದನ್ನು ಹಿಂಪಡೆಯುವ ಹೊಣೆ ತಯಾರಕರದ್ದು.

ಕಾಲೇಜು ವಿದ್ಯಾರ್ಥಿಗಳು ಈ ಮಳೆಗಾಲಕ್ಕೆ ಮೊದಲೇ ತಮ್ಮ ಓಣಿಯ ಮನೆಗಳ ಲೆಕ್ಕ ತೆಗೆಯಬಹುದು. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಯೂನಿಟ್‌ಗೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆಂದು ಬರೆದಿರುತ್ತದೆ. ಸಂಜೆ ಅವಶ್ಯವಾದ ದೀಪಗಳನ್ನಷ್ಟೇ ಉರಿಸಿ ಒಂದು ತಾಸು ಎಣಿಸಿದರೆ ಸಾಕು, ಆ ಮನೆಗೆ ಬೇಕಾದ ಪೆಟ್ಟಿಗೆಯ ಅಳತೆ ತಿಳಿಯುತ್ತದೆ.