ತವರಿನ ಮದುವೆಗೆ ಬರಲು ಯಾರ ಅಪ್ಪಣೆ ಬೇಕು?

ಮದುವೆಯಾಗಿ ಹೋದ ಹೆಣ್ಣುಮಗಳು ಗಂಡನ ಮನೆಯಲ್ಲಿ ಹೇಗಿದ್ದಾಳೆ ಎಂದು ತಿಳಿಯಲು ನಮ್ಮ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಿದ್ದರು: “ತವರಿಗೆ ಕಳಿಸ್ತಾರಾ?” ಉಡಲು ಉಣ್ಣಲು ಕೊರತೆಯಿಲ್ಲ ಎಂದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಗೌರಿ ಹಬ್ಬಕ್ಕೆ, ಪಂಚಮಿಗೆ, ತಮ್ಮನ ಮದುವೆಗೆ, ತಂಗಿಯ ಸೀಮಂತಕ್ಕೆ ಅವಳು ಬಂದುಹೋಗುವಂತಿದ್ದರೆ ಆ ಮನೆಯಲ್ಲಿ ಅವಳಿಗೆ ಉಸಿರಾಡಲು ಜಾಗವಿದೆ ಎಂದು ತಿಳಿಯುತ್ತಿದ್ದರು. ಆದರೆ ಈ ಪ್ರಶ್ನೆಯಲ್ಲೇ ಒಂದು ಅನ್ಯಾಯವೂ ಅಡಗಿದೆ. ಹೋಗುವವಳು ಅವಳು, ಕಳಿಸುವವರು ಬೇರೆ ಯಾರೋ!

ಸಂಘದ ಬಾಗಿಲಿಗೆ ಕಷ್ಟ ಹೇಳಿಕೊಂಡು ಬರುವ ಹೆಂಗಸರ ಮಾತನ್ನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ಏಟು, ಬೈಗುಳ, ಉಪವಾಸ ಎಲ್ಲವೂ ಅವರ ಮಾತಿನಲ್ಲಿ ಬರುತ್ತವೆ. ಆದರೆ ಮೊದಲು ಏನಾಯಿತು ಎಂದು ಕೆದಕಿ ಕೇಳಿದರೆ ಅನೇಕರು ಹೇಳುವುದು ಒಂದೇ: “ತಂಗಿ ಮದುವೆಗೂ ಕಳಿಸಲಿಲ್ಲ.” ಮೊದಲು ತವರಿನ ದಾರಿ ಮುಚ್ಚುತ್ತದೆ, ಆಮೇಲೆ ಕೈ ಏಳುತ್ತದೆ. ಹೇಳಿಕೊಳ್ಳುವವರು, ಕೇಳುವವರು ಇಲ್ಲದಂತೆ ಮಾಡಿದ ಮೇಲೆ ಹೆಣ್ಣನ್ನು ಹಿಂಸಿಸುವುದು ಸುಲಭವಲ್ಲವೇ?

ಈಗ ತವರು ಮತ್ತು ಗಂಡನ ಮನೆಯ ನಡುವೆ ಸಮುದ್ರವೇ ಬಂದುಬಿಟ್ಟಿದೆ. ನಮ್ಮ ತಾಲ್ಲೂಕುಗಳಿಂದಲೂ ಹೆಣ್ಣುಮಕ್ಕಳು ಮದುವೆಯಾಗಿ ಅಮೆರಿಕಕ್ಕೆ, ದುಬೈಗೆ, ಲಂಡನ್ನಿಗೆ ಹೋಗುತ್ತಿದ್ದಾರೆ. ಹೋದವಳು ತಾನಾಗಿ ತವರಿಗೆ ಬರಬಲ್ಲಳೇ ಎಂದು ನಾವು ಕೇಳುತ್ತಿದ್ದೇವೆಯೇ? ಕಳೆದ ವರ್ಷ ತಮ್ಮನ ಮಗಳ ಮದುವೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ.

ಮದುವೆ ಅಲ್ಲೇ ಏಕೆ ಎಂದು ನೀವು ಕೇಳಬಹುದು. ಹುಡುಗ ನಮ್ಮ ಕಡೆಯವನೇ, ಅಲ್ಲಿ ಕೆಲಸದ ವೀಸಾದ ಮೇಲಿದ್ದಾನೆ. ಅಂಥವರು ಊರಿಗೆ ಬಂದರೆ ಎಷ್ಟೋ ಸಲ ವಾಪಸ್ ಹೋಗಲು ಪಾಸ್‌ಪೋರ್ಟಿನಲ್ಲಿ ಹೊಸದಾಗಿ ವೀಸಾ ಹಾಕಿಸಿಕೊಳ್ಳಬೇಕಾಗುತ್ತದೆ. ಅದು ತಡವಾದರೆ ಕೆಲಸಕ್ಕೇ ಸಂಚಕಾರ. ಆದ್ದರಿಂದ ಹಿರಿಯರೇ ವಿಮಾನ ಹತ್ತುವ ಕಾಲ ಬಂದಿದೆ. ನಾನು ಚೆನ್ನೈಗೆ ಹೋಗಿ ವೀಸಾ ಸಂದರ್ಶನ ಮುಗಿಸಿದೆ. ಬೆಂಗಳೂರು ಬಿಟ್ಟು ತಮ್ಮನ ಮನೆ ಸೇರುವಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ನಾವು ಒಡಹುಟ್ಟಿದವರು ಮೂವರೂ ಒಂದು ಸೂರಿನಡಿ ಸೇರಿ ಒಂಬತ್ತು ವರ್ಷವಾಗಿತ್ತು. ಅಮ್ಮ ಇಲ್ಲದ ಮೇಲೆ ಮೊದಲ ಸಲ ಒಟ್ಟಿಗೆ ಕುಳಿತು ಊಟ ಮಾಡಿದೆವು. ಒಡಹುಟ್ಟಿದವರ ಮನೆಯ ಮದುವೆ ಹೆಣ್ಣಿಗೆ ಏನು ಕೊಡುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯಲ್ಲೂ ವರದಕ್ಷಿಣೆ ಹಿಂಬಾಗಿಲಿನಿಂದ ಒಳಗೆ ಬರಲು ನೋಡಿತ್ತು. ಊರಿನಲ್ಲಿರುವ ಹುಡುಗನ ತಂದೆತಾಯಿ ನೆಂಟರೊಬ್ಬರ ಮೂಲಕ ಹೇಳಿಕಳಿಸಿದ್ದರು: “ನಮಗೆ ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ. ನಮ್ಮ ಕಡೆಯ 12 ಜನ ಬಂದುಹೋಗುವ ಖರ್ಚು ನೋಡಿಕೊಂಡರೆ ಸಾಕು.” ನನ್ನ ಟಿಕೆಟಿಗೆ ಹೋಗಿ ಬರಲು 1,15,000 ರೂಪಾಯಿ ಆಗಿತ್ತು. 12 ಜನರ ಲೆಕ್ಕ ಹಾಕಿ ನೋಡಿ, 13,80,000 ರೂಪಾಯಿ! ತಮ್ಮ ಸಾಲ ಮಾಡಲು ಸಿದ್ಧನಾಗಿದ್ದ. ಮಗಳು ಒಪ್ಪಲಿಲ್ಲ. “ಅತ್ತೆ, ಅಪ್ಪ ಇದು ಮರ್ಯಾದೆ ಪ್ರಶ್ನೆ ಅಂತಾರೆ. ನನಗೂ ಮರ್ಯಾದೆ ಇಲ್ವಾ?” ಎಂದು ನನ್ನನ್ನು ಕೇಳಿದಳು. ಅವಳು ನೇರವಾಗಿ ಹುಡುಗನ ಜೊತೆಯೇ ಮಾತನಾಡಿದಳು. ಅವನಿಗೆ ಈ ಬೇಡಿಕೆ ಗೊತ್ತೇ ಇರಲಿಲ್ಲ. ನಾಚಿಕೊಂಡ, ಮನೆಗೆ ಫೋನ್ ಮಾಡಿದ. ಕೊನೆಗೆ 12 ಜನರ ಬದಲು ನಾಲ್ಕು ಜನ ಬಂದರು, ತಮ್ಮ ಖರ್ಚಿನಲ್ಲೇ ಬಂದರು. ಮದುವೆಗೆ ಏನೂ ಊನವಾಗಲಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯಿದೆ ಈ ಬಗ್ಗೆ ಸ್ಪಷ್ಟವಾಗಿದೆ. ಮದುವೆಗೆ ಸಂಬಂಧಿಸಿದಂತೆ ಕೊಟ್ಟ, ಕೊಡಲು ಒಪ್ಪಿದ ಸ್ವತ್ತು ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಯಾವಾಗ ಕೊಟ್ಟರೂ ವರದಕ್ಷಿಣೆಯೇ. ಹೆಣ್ಣಿನ ಕಡೆಯವರಿಂದ ಒತ್ತಾಯಿಸಿ ತೆಗೆಸಿದ ವಿಮಾನದ ಟಿಕೆಟನ್ನು ನಾನು ಬೇರೆ ಹೆಸರಿನಿಂದ ಕರೆಯಲಾರೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದ್ದು ಆ ಮದುವೆಗೆ ಬಂದಿದ್ದ ಇನ್ನೊಬ್ಬ ಹೆಣ್ಣುಮಗಳ ಮಾತು. ಅವಳ ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟು ಬರೆಯುತ್ತಿದ್ದೇನೆ. ಹಿಂದಿನ ದಿನ ಎಲ್ಲರೂ ಸೇರಿ ಹೂವು ಕಟ್ಟುತ್ತಿದ್ದೆವು. ಅವಳೂ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಊರು ಬಿಟ್ಟು ಆರು ವರ್ಷ. ಒಮ್ಮೆಯೂ ವಾಪಸ್ ಬಂದಿಲ್ಲ. ಎರಡು ವರ್ಷದ ಹಿಂದೆ ಮಾಘ ಮಾಸದಲ್ಲಿ ಅವಳ ಒಬ್ಬಳೇ ತಂಗಿಯ ಮದುವೆಯಾಯಿತು. ಇಲ್ಲಿ ಬೆಳಗಿನ ಹತ್ತೂವರೆಗೆ ಮುಹೂರ್ತ, ಅಲ್ಲಿ ಮಧ್ಯರಾತ್ರಿ ಹನ್ನೆರಡು ಗಂಟೆ. ಮಲಗಿದ್ದ ಗಂಡ ಎದ್ದಾನು ಎಂದು ಅವಳು ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು, ಫೋನಿನ ಸದ್ದು ಅಡಗಿಸಿ, ತಂಗಿಯ ಧಾರೆ ನೋಡಿದಳಂತೆ. ಓಲಗವಿಲ್ಲ, ಮಂತ್ರವಿಲ್ಲ, ಬರೀ ಚಿತ್ರ.

“ಯಾಕಮ್ಮ ಬರಲಿಲ್ಲ?” ಎಂದೆ.

“ಪಾಸ್‌ಪೋರ್ಟ್ ಅವರ ಹತ್ರ ಇದೆ ಆಂಟಿ. ಕೇಳಿದರೆ, ಹೋದರೆ ಅಲ್ಲೇ ಇರು ಅಂತಾರೆ.”

ಅವಳು ಇಂಜಿನಿಯರಿಂಗ್ ಓದಿದವಳು. ಗಂಡನ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದ ಮೇಲೆ ಹೋದವಳು. ಆ ವೀಸಾದಲ್ಲಿ ಹೋದವರು ತಾವಾಗಿ ಕೆಲಸ ಮಾಡುವಂತಿಲ್ಲ. 2015ರಿಂದ ಇಂಥವರಲ್ಲಿ ಕೆಲವರಿಗೆ ಅನುಮತಿ ಕೊಡುತ್ತಿದ್ದಾರೆ. ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಬ್ಯಾಂಕ್ ಖಾತೆ ಗಂಡನ ಹೆಸರಿನಲ್ಲಿ. ಅಲ್ಲೇ ಹುಟ್ಟಿದ ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಬೇಕಾದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಅವನು ಒಪ್ಪುವುದಿಲ್ಲ. ಮಗುವನ್ನು ಬಿಟ್ಟು ಇವಳು ಬರುವುದಿಲ್ಲ. ಅವನು ಹೊಡೆಯುತ್ತಾನೋ ಎಂದು ಕೇಳಿದೆ. ಅವಳು ದಾರ ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು, ಉತ್ತರ ಕೊಡಲಿಲ್ಲ.

ಇವಳ ತಂದೆತಾಯಿ ಮದುವೆಯಲ್ಲಿ 300 ಗ್ರಾಂ ಚಿನ್ನ ಹಾಕಿದ್ದರು. ಅದು ಊರಿನಲ್ಲಿ ಅತ್ತೆಯ ಲಾಕರಿನಲ್ಲಿದೆ. “ಅಮೆರಿಕದಲ್ಲಿ ಕಳ್ಳರ ಕಾಟ” ಎಂಬ ನೆಪ. ಎರಡೂ ಕಡೆಯ ಛತ್ರದ ಖರ್ಚು, ಹುಡುಗನ ಸೂಟು, ಅಲ್ಲಿ ಸಂಸಾರ ಹೂಡಲು ಹಣ, ಎಲ್ಲ ಕೊಟ್ಟರು. ಬೇಕೆನಿಸಿದಾಗ ಊರಿಗೆ ಬರಲು ಬೇಕಾದ ಒಂದು ಟಿಕೆಟಿನ ಹಣವನ್ನು ಮಾತ್ರ ಯಾರೂ ಅವಳ ಕೈಗೆ ಕೊಡಲಿಲ್ಲ. ಹೊರಡುವಾಗ ಅವಳು ನನ್ನನ್ನು ಕೇಳಿಕೊಂಡದ್ದು ಇಷ್ಟೇ: “ನಮ್ಮಮ್ಮನಿಗೆ ಫೋನ್ ಮಾಡಿ, ನಾನು ದಪ್ಪ ಆಗಿದೀನಿ ಅಂತ ಹೇಳಿ ಆಂಟಿ.”

ವಿದೇಶಕ್ಕೆ ಹೋದ ಹೆಣ್ಣುಮಕ್ಕಳೆಲ್ಲ ಹೀಗಿದ್ದಾರೆ ಎಂದು ನಾನು ಹೇಳುತ್ತಿಲ್ಲ. ದುಡಿದು, ಗಂಡನ ಜೊತೆ ಸರಿಸಮನಾಗಿ ಬಾಳುವವರನ್ನೂ ಅಲ್ಲೇ ಕಂಡೆ. ಇದು ಅಮೆರಿಕದ ಕಥೆಯಷ್ಟೇ ಎಂದೂ ತಿಳಿಯಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲದಂತಾಯಿತು. “ಬಸ್ ಚಾರ್ಜಿಗೆ ದುಡ್ಡಿಲ್ಲ” ಎಂಬ ನೆಪ ಹೋಯಿತು. ಆದರೆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಬೇಕಲ್ಲ. ಹೆಂಡತಿಯ ಆಧಾರ್ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಗಂಡಂದಿರನ್ನು ನಾನು ಬಲ್ಲೆ. ಆಧಾರ್ ಕಾರ್ಡಿಗೆ ಬೀಗ ಹಾಕುವ ಬುದ್ಧಿಯೇ ಅಲ್ಲಿ ಪಾಸ್‌ಪೋರ್ಟಿಗೂ ಹಾಕುತ್ತದೆ.

ಕಾನೂನು ಏನು ಹೇಳುತ್ತದೆ? 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಗಂಡನ ಸ್ವತ್ತಲ್ಲ, ಅತ್ತೆಯ ಸ್ವತ್ತೂ ಅಲ್ಲ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಹಣಕಾಸಿನ ಹಿಂಸೆಯೂ ಹಿಂಸೆಯೇ. ಹೆಣ್ಣು ತಾತ್ಕಾಲಿಕವಾಗಿ ಎಲ್ಲಿ ನೆಲೆಸಿದ್ದಾಳೋ ಅಲ್ಲಿಯ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಗಂಡನ ಮನೆಯ ಕ್ರೌರ್ಯಕ್ಕೆ ಬೆದರಿ ತವರಿಗೆ ಬಂದವಳು ತವರಿನ ಊರಿನಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಿದೇಶದ ನ್ಯಾಯಾಲಯದಲ್ಲಿ ಗಂಡ ಏಕಪಕ್ಷೀಯವಾಗಿ ಪಡೆದ ವಿಚ್ಛೇದನಕ್ಕೆ ಕುರುಡಾಗಿ ಮನ್ನಣೆ ಕೊಡಲಾಗದು ಎಂದು 1991ರಲ್ಲೇ ತೀರ್ಪು ಬಂದಿದೆ. ಹೊರದೇಶದ ಗಂಡಂದಿರು ಕೈಬಿಟ್ಟ ಹೆಂಡತಿಯರ ರಕ್ಷಣೆಗೆ ಕಾನೂನು ತರುವ ಬಗ್ಗೆ ಅದೇ ನ್ಯಾಯಾಲಯ 1994ರಲ್ಲಿ ಸಲಹೆ ಕೊಟ್ಟಿತು. ಅನಿವಾಸಿ ಭಾರತೀಯರ ಮದುವೆ ನೋಂದಣಿಯ ಮಸೂದೆ ರಾಜ್ಯಸಭೆಗೆ ಬರಲು 2019 ಆಯಿತು. ಸಮಗ್ರ ಕಾನೂನು ಬೇಕೆಂದು ಕಾನೂನು ಆಯೋಗ 2024ರಲ್ಲಿ ಮತ್ತೆ ಹೇಳಬೇಕಾಯಿತು. ಮೂವತ್ತು ವರ್ಷ! ಸರ್ಕಾರದ ಮೇಲೆ ಒತ್ತಡ ತರುವ ಕೆಲಸವನ್ನು ಮಹಿಳಾ ಚಳುವಳಿ ಬಿಡಬಾರದು. ಆದರೆ ಕಾನೂನು ಬರುವ ತನಕ ನಮ್ಮ ಹೆಣ್ಣುಮಕ್ಕಳು ಕಾಯಬೇಕೇ?

ನನ್ನ ಅಭಿಪ್ರಾಯ ಇಷ್ಟು. ಮಗಳನ್ನು ಸಮುದ್ರದಾಚೆ ಕೊಡುವವರು ಚಿನ್ನದ ತೂಕ ನೋಡುವುದನ್ನು ಬಿಟ್ಟು, ಅವಳು ವಾಪಸ್ ಬರುವ ದಾರಿಯನ್ನು ಮೊದಲು ಗಟ್ಟಿ ಮಾಡಬೇಕು. ಹೊರಡುವ ಮುಂಚೆ ಮದುವೆ ನೋಂದಣಿ ಆಗಲೇಬೇಕು. ಅವಳ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು. ಪಾಸ್‌ಪೋರ್ಟ್, ವೀಸಾ, ನೋಂದಣಿ ಪತ್ರ ಇವುಗಳ ನಕಲು, ಗಂಡ ಕೆಲಸ ಮಾಡುವ ಕಂಪನಿಯ ಹೆಸರು, ವಿಳಾಸ ತವರಿನಲ್ಲಿರಬೇಕು. ಅವಳೊಬ್ಬಳ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಒಂದು ಟಿಕೆಟಿನಷ್ಟು ಹಣವಿರಬೇಕು. ಚಿನ್ನ ಕೊಟ್ಟಿದ್ದರೆ ಪಟ್ಟಿ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ, ಅವಳ ಹೆಸರಿನ ಲಾಕರಿನಲ್ಲೇ ಇಡಬೇಕು.

ಪಾಸ್‌ಪೋರ್ಟ್ ಕಿತ್ತುಕೊಂಡರೂ ದಾರಿ ಮುಚ್ಚಿಲ್ಲ ಎಂಬುದು ಅವಳಿಗೆ ತಿಳಿದಿರಬೇಕು. ಭಾರತದ ರಾಯಭಾರ ಕಚೇರಿ ಊರಿಗೆ ಮರಳಲು ತುರ್ತು ಪ್ರಯಾಣ ಪತ್ರ ಕೊಡುತ್ತದೆ. ಅಮೆರಿಕದಲ್ಲಿ ಪ್ರಾಣಕ್ಕೆ ಅಪಾಯವಾದರೆ 911ಕ್ಕೆ ಫೋನ್ ಮಾಡಬಹುದು. ನ್ಯೂಜೆರ್ಸಿಯಲ್ಲಿ ‘ಮಾನವಿ’ ಎಂಬ ಸಂಸ್ಥೆ 1985ರಿಂದ ನಮ್ಮ ಕಡೆಯ ಹೆಣ್ಣುಮಕ್ಕಳ ಬೆಂಬಲಕ್ಕೆ ನಿಂತಿದೆ. ಹೂವು ಕಟ್ಟಿದ ಆ ಹುಡುಗಿಗೂ ಈ ಹೆಸರನ್ನು ಹೇಳಿ ಬಂದೆ. ಮಗುವಿದ್ದರೆ ಮಾತ್ರ ಅವಸರದಲ್ಲಿ ಕರೆದುಕೊಂಡು ಬರುವುದು ಬೇಡ, ಅಲ್ಲಿಯ ಕೋರ್ಟಿನಲ್ಲಿ ತಾಯಿಯ ಮೇಲೆಯೇ ಮೊಕದ್ದಮೆ ಬರಬಹುದು. ಮೊದಲು ವಕೀಲರ ಸಲಹೆ ಪಡೆಯಬೇಕು.

“ಮದುವೆಯ ಮಾತಿನಲ್ಲೇ ವಾಪಸ್ ಬರುವ ಮಾತೇ? ಅಪಶಕುನ!” ಎಂದು ಹಿರಿಯರು ಗದರುತ್ತಾರೆ. “ಹುಡುಗ ಏನೆಂದುಕೊಂಡಾನು?” ಎಂದು ಹೆದರುತ್ತಾರೆ. ಒಳ್ಳೆಯ ಹುಡುಗನಾದರೆ ಹೆಂಡತಿಯ ಪಾಸ್‌ಪೋರ್ಟ್ ಹೆಂಡತಿಯ ಹತ್ತಿರ ಇರುವುದರಿಂದ ಅವನಿಗೇನು ನಷ್ಟ? ಈ ಮಾತಿಗೆ ಸಿಟ್ಟಾಗುವವನಾದರೆ, ಅದು ಮುಹೂರ್ತಕ್ಕೆ ಮುಂಚೆಯೇ ತಿಳಿಯುವುದು ಒಳ್ಳೆಯದಲ್ಲವೇ? ವಾಪಸ್ ಬರುವ ಮಾತು ಎಂದರೆ ಸಂಸಾರ ಮುರಿದು ಬರುವುದಷ್ಟೇ ಅಲ್ಲ. ತಂಗಿಯ ಧಾರೆಗೆ, ಅಪ್ಪನ ಕಾಯಿಲೆಗೆ, ಅಮ್ಮನ ಕೊನೆಗಾಲಕ್ಕೆ ಬರುವುದೂ ಬರುವುದೇ.

ಸೋದರಿಯರೇ, ವಾರವಾರ ಹತ್ತು, ಇಪ್ಪತ್ತು ರೂಪಾಯಿ ಕೂಡಿಟ್ಟು ಸಂಘ ಕಟ್ಟಿದವರು ನಾವು. ನಮ್ಮ ಸಂಘಗಳಿಂದ ಮಗಳ ಮದುವೆಗೆಂದು ಎಷ್ಟು ಸಾಲ ಹೋಗುತ್ತದೆ ಎಂಬುದು ಲೆಕ್ಕದ ಪುಸ್ತಕದಲ್ಲಿದೆ. ಗಂಡಿನ ಕಡೆಯವರ ಟಿಕೆಟ್ಟಿಗೆ, ಸೂಟಿಗೆ, ಕಾರಿಗೆ ಸಂಘದ ಹಣ ಕೊಡುವುದಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಏಕೆ ಬರೆಯಬಾರದು? ಮಗಳ ಸ್ವಂತ ಖಾತೆಗೆ ಹಾಕಲು ಕೇಳಿದರೆ ಮೊದಲ ಸರದಿಯಲ್ಲಿ ಏಕೆ ಕೊಡಬಾರದು? ಮುಂದಿನ ಸಭೆಯಲ್ಲಿ ಉಳಿತಾಯ ಕಟ್ಟಿಸಿಕೊಂಡ ಮೇಲೆ ಒಂದು ಅರ್ಧ ಗಂಟೆ ಕುಳಿತುಕೊಳ್ಳಿ. ಮದುವೆಯಾಗಿ ಹೋದ ಮಗಳು ಹಾಸನದಲ್ಲಿರಲಿ, ಹ್ಯೂಸ್ಟನ್ನಿನಲ್ಲಿರಲಿ, ಅವಳ ಕಾಗದಪತ್ರ ಯಾರ ಬೀಗದಡಿ ಇದೆ ಎಂದು ಪ್ರತಿಯೊಬ್ಬ ತಾಯಿಯೂ ಕೇಳಿ ತಿಳಿದು ಬಂದು ಹೇಳಲಿ. ಗೊತ್ತಿಲ್ಲ ಎಂದವರು ಆ ರಾತ್ರಿಯೇ ಮಗಳಿಗೆ ಫೋನ್ ಮಾಡಲಿ. ಚೆನ್ನಾಗಿದ್ದೀಯಾ ಎಂದು ಕೇಳಿ ಫೋನ್ ಇಟ್ಟುಬಿಡಬೇಡಿ. “ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಮಗಳೇ?” ಎಂದೂ ಕೇಳಿ.